ಈರಪ್ಪಣ್ಣನ ಎರಡನೇ ಯಾಕ

ರೋಣದ ಸರಕಾರಿ ದವಾಖಾನೆಯ ಪಡಸಾಲೆಯಲ್ಲಿ ಆಗ ಎರಡು ಉದ್ದನೆಯ ಬೆಂಚುಗಳಿದ್ದವು. ಬಾಗಿಲಿನ ಎಡಕ್ಕಿದ್ದದ್ದು ಫೀ ಕೊಡುವವರದು, ಬಲಕ್ಕಿದ್ದದ್ದು ಕೊಡಲಾರದವರದು. ಹಾಗೆಂದು ಯಾರೂ ಬರೆದು ಹಾಕಿರಲಿಲ್ಲ. ಆದರೂ ಸುತ್ತಲಿನ ಹಳ್ಳಿಯ ಮಂದಿಗೆಲ್ಲ ಅದು ಗೊತ್ತಿತ್ತು. ಒಳಗೆ ಬಂದವರು ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ತಮ್ಮ ಮೈಮೇಲಿನ ಬಟ್ಟೆ ನೋಡಿಕೊಂಡು, ಆ ಕಡೆಗೋ ಈ ಕಡೆಗೋ ಹೋಗಿ ಕೂಡುತ್ತಿದ್ದರು. ನಮ್ಮಣ್ಣ ಈರಪ್ಪ ಮಾತ್ರ ಎರಡರಲ್ಲಿಯೂ ಕೂಡುತ್ತಿರಲಿಲ್ಲ. ಬೆಂಚುಗಳ ನಡುವೆ ಒಂದು ಕಲ್ಲಿನ ಕಂಬವಿತ್ತು. ಅದಕ್ಕೆ ಬೆನ್ನು ಆನಿಸಿ, ಖಾಲಿ ಬಾಟಲಿಯನ್ನು ಬಗಲಲ್ಲಿ ಇಟ್ಟುಕೊಂಡು, ತನ್ನ ಹೆಸರು ಕೂಗುವ ತನಕ ನಿಂತೇ ಇರುತ್ತಿದ್ದ.

"ಕೂಡ್ರಿ ಈರಪ್ಪ, ಕಾಲು ನೋಯತಾವ" ಎಂದು ಕಂಪೌಂಡರ ಹೇಳುತ್ತಿದ್ದ.

"ಎಲ್ಲಿ ಕೂಡ್ಲಿ? ಆ ಬೆಂಚಿನ್ಯಾಗ ಕುಂತ್ರ ಸುಳ್ಳು ಸಾವಕಾರ ಆಗ್ತೀನಿ, ಈ ಬೆಂಚಿನ್ಯಾಗ ಕುಂತ್ರ ಸುಳ್ಳು ಬಡವ ಆಗ್ತೀನಿ. ನನಗ ಈ ಕಂಬನ ಖರೇದು."

ಅವನು ಮಾಮಲೇದಾರ ಕಚೇರಿಯಲ್ಲಿ ಪಟ್ಟೇವಾಲಾ, ಎಂದರೆ ಕಚೇರಿಯ ಸಿಪಾಯಿ, ಆಗಿ ದುಡಿದು ಪೆನ್ಷನ್ ಪಡೆದವನು. ಅಂಥ ವಯಸ್ಸಾದ ನೌಕರರಿಗೆ ಸರಕಾರಿ ದವಾಖಾನೆಯಲ್ಲಿ ಫೀ ಮಾಫಿ ಇತ್ತು. ಔಷಧಕ್ಕೂ ಕೊಡಬೇಕಿರಲಿಲ್ಲ, ಒಳಗೆ ಮಲಗಿಸಿಕೊಂಡರೆ ಮಂಚಕ್ಕೂ ಕೊಡಬೇಕಿರಲಿಲ್ಲ. ಆ ಮಾಫಿಯನ್ನು ಅವನು ಬಹಳ ಪ್ರೀತಿಯಿಂದ ಬಳಸುತ್ತಿದ್ದ. "ಇದು ಧರ್ಮದ್ದಲ್ಲ" ಎನ್ನುತ್ತಿದ್ದ. "ನಾ ಬಿಸಿಲಾಗ ಹಳ್ಳಿ ಹಳ್ಳಿ ಅಡ್ಡಾಡಿದ್ದನ್ನ ಸರಕಾರ ಈಗ ಬಾಟ್ಲ್ಯಾಗ ತುಂಬಿ ವಾಪಸ್ ಕೊಡಾಕ್ಹತ್ತೇತಿ." ಆಮೇಲೆ ಆ ಬಾಟಲಿಯನ್ನು ಸೂರ್ಯನ ಕಡೆ ಹಿಡಿದು, ಒಂದು ಕಣ್ಣು ಮುಚ್ಚಿ, ಔಷಧದ ಒಳಗೆ ಏನು ತೇಲುತ್ತದೆ, ಏನು ತಳಕ್ಕೆ ಕೂಡುತ್ತದೆ ಎಂದು ನೋಡುತ್ತಿದ್ದ. ನೋಡದೆ ಒಂದು ಗುಟುಕೂ ಕುಡಿದವನಲ್ಲ.

ನೋಡುವುದು, ಕೇಳುವುದು. ಅವನ ಇಡೀ ಬಾಳು ಅಷ್ಟೇ ಆಗಿತ್ತು. ಅದರಲ್ಲೂ ಒಂದು ಪದ್ಧತಿ ಇತ್ತು. ಯಾರನ್ನೇ ಏನೇ ಕೇಳಲಿ, ಎರಡು ಸಲ ಯಾಕ ಅನ್ನುತ್ತಿದ್ದ. ಮೊದಲ ಯಾಕಕ್ಕೆ ಉತ್ತರ ಬಂದಮೇಲೆ ಗೋಣು ಹಾಕಿ, ಆ ಉತ್ತರಕ್ಕೇ ಇನ್ನೊಂದು ಯಾಕ. ನಾನು ಒಮ್ಮೆ ಬೇಸತ್ತು, "ಒಂದ ಸಲ ಹೇಳಿದ್ರ ಸಾಲಂಗಿಲ್ಲೇನಣ್ಣ ನಿನಗ?" ಎಂದಿದ್ದೆ. ಅವನು ನಕ್ಕು, "ಮಲ್ಲ್ಯಾ, ಮೊದಲನೇ ಉತ್ತರ ಮಂದಿ ಸಲುವಾಗಿ ಇಟ್ಟಿರ್ತಾರ. ಖರೇದ್ದು ಅದರ ಹಿಂದ ಕುಂತಿರತೈತಿ" ಎಂದ.

ಕಂಪೌಂಡರನನ್ನೂ ಹಾಗೇ ಹಿಡಿದಿದ್ದ. ಔಷಧದ ಬಾಟಲಿಗೆ ಕಾಗದದ ಪಟ್ಟಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಅಂಟಿಸುತ್ತಾರಲ್ಲ, ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧ ಎಂದು, ಅದು ಯಾಕ ಎಂದು ಕೇಳಿದ.

"ಓದಾಕ ಬರದವರಿಗೆ ಗುರ್ತು ಇರ್ಲಿ ಅಂತ್ರಿ."

"ಹಂಗಾದ್ರ ಓದಾಕ ಬರೋ ಕುಲಕರ್ಣ್ಯಾರ ಬಾಟ್ಲಿಗೂ ಯಾಕ ಹಚ್ಚೀರಿ?"

ಕಂಪೌಂಡರ ಆಚೀಚೆ ನೋಡಿ ಸಣ್ಣ ದನಿಯಲ್ಲಿ, "ಓದಿದವರ ಮೊದಲ ಒಂದ ಸಲಕ್ಕ ಕುಡದು ಮುಗಸ್ತಾರ್ರಿ, ಲಗೂ ಆರಾಮ ಆಗ್ಲಿ ಅಂತ" ಎಂದನಂತೆ. ಅಣ್ಣ ಇದನ್ನು ನನಗೆ ಹೇಳಲಿಕ್ಕೆಂದೇ ರೋಣದಿಂದ ಗಜೇಂದ್ರಗಡಕ್ಕೆ ಬಂದಿದ್ದ.

ಗಜೇಂದ್ರಗಡದಲ್ಲಿ ನಮ್ಮದು ನೂಲಿನ ಅಂಗಡಿ. ನೇಕಾರರಿಗೆ ನೂಲು ಮಾರುವುದು ನಮ್ಮಪ್ಪನ ಕಾಲದಿಂದಲೂ ಬಂದದ್ದು. ಹಿರಿಯ ಮಗ ಅಂತ ಅದು ಈರಪ್ಪಣ್ಣನಿಗೆ ಬರಬೇಕಾಗಿತ್ತು. ಆದರೆ ಅವನು ಗಿರಾಕಿಗೆ ನೂಲು ಕೊಡುವ ಬದಲು, ಅವನ ಹಿಂದೆಯೇ ಹೋಗಿ ಮಗ್ಗದ ಕುಣಿಯ ದಂಡೆಗೆ ಕೂತು, ಲಾಳಿ ಹೇಗೆ ಓಡುತ್ತದೆ ಎಂದು ನೋಡುತ್ತಿದ್ದ. ಅಂಗಡಿ ತೆರೆದೇ ಬಿದ್ದಿರುತ್ತಿತ್ತು. ಕಡೆಗೆ ಒಂದು ದಿನ ಅಪ್ಪನಿಗೆ ಹೇಳಿಬಿಟ್ಟ: "ಅಂಗಡ್ಯಾಗ ಕುಂತ್ರ ಬಂದವರನ್ನಷ್ಟ ನೋಡಬೇಕು. ಸಿಪಾಯಿ ಆದ್ರ ನಾನ ಹೋಗಿ ನೋಡಬಹುದು." ಅಪ್ಪ ಬಹಳ ದಿನ ಅವನ ಕೂಡ ಮಾತಾಡಲಿಲ್ಲ. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಅಂಗಡಿಯ ಗಾದಿಯ ಮೇಲೆ ಕೂತೆ. ಅಲ್ಲಿಂದ ಎದ್ದಿಲ್ಲ.

ನೋಟೀಸು, ಸಮನ್ಸು ಹಿಡಿದು ಹಳ್ಳಿಗಳಿಗೆ ಹೋಗುವುದು ಅವನ ಕೆಲಸ. ಖಾಕಿ ಕೋಟು, ಎದೆಗೆ ಅಡ್ಡ ಪಟ್ಟಾ, ಪಟ್ಟಾದ ನಡುವೆ ಹಿತ್ತಾಳೆಯ ಬಿಲ್ಲೆ. ಆ ಬಿಲ್ಲೆ ಕಂಡರೆ ಮಂದಿ ಹೆದರುತ್ತಿದ್ದರು. ಅವನು ಮಾತಾಡತೊಡಗಿದ ಮೇಲೆ ಹೆದರಿಕೆ ಹೋಗುತ್ತಿತ್ತು. ಒಮ್ಮೆ ಜಕ್ಕಲಿಯ ಒಬ್ಬ ರೈತನಿಗೆ ನೋಟೀಸು ಕೊಡಲು ಹೋದ. ಅಂದು ಆ ಮನೆಯವರು ಹಗೇವು ತೆಗೆಯುತ್ತಿದ್ದರು. ಹಗೇವು ಎಂದರೆ ಜೋಳ ತುಂಬಿಡಲು ನೆಲದಲ್ಲಿ ತೋಡಿದ ಕಣಜ. ಬಾಯಿ ತೆಗೆದ ಕೂಡಲೇ ಯಾರೂ ಇಳಿಯಲಿಲ್ಲ. ಒಂದು ದೀಪ ಹಚ್ಚಿ, ಹಗ್ಗಕ್ಕೆ ಕಟ್ಟಿ, ಒಳಗೆ ಬಿಟ್ಟರು. ದೀಪ ಆರಿತು. ಮೇಲೆ ಎಳೆದುಕೊಂಡು ಸುಮ್ಮನೆ ಕೂತರು.

"ದೀಪ ಯಾಕ ಬಿಟ್ರಿ?" ಎಂದು ನಮ್ಮಣ್ಣ ಕೇಳಿದ.

"ಒಳಗ ಕೆಟ್ಟ ಗಾಳಿ ಇದ್ರ ಆರತೈತ್ರಿ. ಇಳದವ ಸಾಯತಾನ."

"ಒಳಗ ಬರೇ ಜ್ವಾಳ ಇರತಾವು. ಗಾಳಿ ಯಾಕ ಕೆಡತೈತಿ?"

ಕಟ್ಟೆಯ ಮೇಲೆ ಕೂತಿದ್ದ ಆ ಮನೆಯ ಮುದುಕ ಉತ್ತರ ಕೊಟ್ಟ. "ಜ್ವಾಳಕ್ಕೂ ಉಸಿರು ಐತ್ರಿ. ಮುಚ್ಚಿಟ್ಟಲ್ಲೆ ಉಸಿರಾಡಿ ಉಸಿರಾಡಿ ಇದ್ದ ಗಾಳಿ ಮುಗಸ್ತಾವು."

ಅಣ್ಣ ಆ ದಿನ ಅಲ್ಲಿಯೇ ಉಳಿದ. ಗಾಳಿ ಆಡಿ, ದೀಪ ಒಳಗೆ ಉರಿದು, ಒಬ್ಬ ಇಳಿದು ಜೋಳ ಮೇಲೆ ಬರುವ ತನಕ ಕೂತಿದ್ದು, ಮರುದಿನ ರೋಣಕ್ಕೆ ಬಂದ. ಮಾಮಲೇದಾರರು, "ನೋಟೀಸಿಗೆ ಹೆಬ್ಬೆಟ್ಟು ಹಾಕಿಸ್ಕೊಂಡು ಬಂದ್ಯೋ ಇಲ್ಲೋ?" ಎಂದರು.

"ನೋಟೀಸ ಚೀಲದಾಗ ಉಳೀತ್ರಿ ಸಾಹೇಬ್ರ."

"ಮತ್ತ ನಿನ್ನಿಯಿಂದ ಅಲ್ಲಿ ಏನ್ ಮಾಡಿದಿ?"

"ಜ್ವಾಳ ಉಸಿರಾಡತಾವಂತ್ರಿ."

ಮಾಮಲೇದಾರರು ಬರೆಯುವ ಟಾಕು ಕೆಳಗಿಟ್ಟು, "ಹ್ಯಾಂಗ?" ಎಂದರಂತೆ. ಅಣ್ಣ ಎಲ್ಲ ಹೇಳಿದ. ಅವರು ಎಲ್ಲ ಕೇಳಿ, ಆಮೇಲೆ ಬೈದು, ಅದೇ ನೋಟೀಸು ಕೊಟ್ಟು ಅದೇ ಬಿಸಿಲಲ್ಲಿ ಮತ್ತೆ ಜಕ್ಕಲಿಗೆ ಕಳಿಸಿದರು.

ನೌಕರಿ ಮುಗಿದ ದಿನ ಬಿಲ್ಲೆಯನ್ನು ಕಚೇರಿಗೆ ಒಪ್ಪಿಸಿ ಬಂದ. ಹಳೆಯ ಕೋಟನ್ನು ಅವನಿಗೇ ಬಿಟ್ಟಿದ್ದರು. ಅದರ ಎದೆಯ ಮೇಲೆ ಪಟ್ಟಾ ಇದ್ದಲ್ಲಿ ಬಣ್ಣ ಹೋಗಿರಲಿಲ್ಲ, ಉಳಿದ ಕಡೆಯೆಲ್ಲ ಬಿಸಿಲಿಗೆ ಹೋಗಿತ್ತು. ಹೀಗಾಗಿ ಪಟ್ಟಾ ಇಲ್ಲದೆಯೂ ಪಟ್ಟಾ ಹಾಕಿದ ಹಾಗೆಯೇ ಕಾಣುತ್ತಿದ್ದ. ಅತ್ತಿಗೆ ಮೊದಲೇ ತೀರಿಕೊಂಡಿದ್ದಳು. ಒಬ್ಬಳೇ ಮಗಳು ನೀಲವ್ವನನ್ನು ನರಗುಂದಕ್ಕೆ ಕೊಟ್ಟಿತ್ತು. ರೋಣದಲ್ಲಿ ಒಂದು ಖೋಲಿ ಹಿಡಿದು, ತಾನೇ ರೊಟ್ಟಿ ಬಡಿದುಕೊಂಡು ಇದ್ದ. ನಾನು ಗಜೇಂದ್ರಗಡಕ್ಕೆ ಬಾ ಎಂದು ಕರೆದರೆ, "ಅಲ್ಲಿ ಸರಕಾರಿ ದವಾಖಾನ್ಯಾಗ ನನ್ನ ಗುರ್ತು ಯಾರಿಗೈತಿ?" ಎನ್ನುತ್ತಿದ್ದ. ಗುಳಿಗೆಗಿಂತ ಅವನಿಗೆ ಆ ಪಡಸಾಲೆಯೇ ಬೇಕಾಗಿತ್ತೇನೋ. ಯಾವ ಊರಿನವರು ಯಾವ ಜಡ್ಡಿಗೆ ಬಂದಿದ್ದಾರೆ, ರಾಜೂರಿನ ಕಡೆ ಈ ವರ್ಷ ಎಲ್ಲರಿಗೂ ಕಣ್ಣುಬೇನೆ ಯಾಕ ಬಂತು, ಎಲ್ಲವೂ ಕಂಬದ ಹತ್ತಿರ ತಿಳಿಯುತ್ತಿದ್ದವು.

ಮುಂಬೈ ಸರಕಾರ ಹೋಗಿ ನಮಗೆ ಮೈಸೂರು ಸರಕಾರ ಬಂದಾಗ ಎಲ್ಲರೂ ಸಿಹಿ ಹಂಚಿದರು. ಅವನೂ ತಿಂದ. ತಿಂದು ಮರುದಿನವೇ ಬಾಟಲಿ ಹಿಡಿದು ದವಾಖಾನೆಗೆ ಹೋಗಿ ಡಾಕ್ಟರರ ಮುಂದೆ ನಿಂತ.

"ಸಾಹೇಬ್ರ, ನಾ ಚಾಕರಿ ಮಾಡಿದ್ದು ಮುಂಬೈ ಸರಕಾರದ್ದು. ಈಗ ನನ್ನ ಕೆಮ್ಮು ಯಾ ಸರಕಾರದ್ದು?"

ಡಾಕ್ಟರರು ನಕ್ಕರು. "ಕೆಮ್ಮು ನಿಮ್ಮದ ಐತಿ ಈರಪ್ಪ. ಬ್ಯಾರೆ ಹುಕುಂ ಬರೋತನಕ ಮಾಫಿ ಹಿಂದ ಇದ್ದಂಗ ನಡೀತೈತಿ."

"ಬ್ಯಾರೆ ಹುಕುಂ ಯಾಕ ಬರತೈತ್ರಿ?"

"ಈರಪ್ಪ, ಹೊರಗ ಮಂದಿ ನಿಂತಾರ" ಎಂದು ಡಾಕ್ಟರರು ಕೈ ಮುಗಿದರಂತೆ. ಹುಕುಂ ಏನೂ ಬರಲಿಲ್ಲ. ಮಾಫಿ ನಡೆದೇ ಇತ್ತು. ಆದರೆ ಅದು ಯಾವಾಗಲಾದರೂ ಮುರಿಯಬಹುದಾದ ವಸ್ತು ಎಂಬುದು ಅವನ ತಲೆಯಲ್ಲಿ ಆಗಲೇ ಕೂತಿರಬೇಕು. ಜೋಪಾನ ಮಾಡತೊಡಗಿದ. ಬಾಟಲಿ ತೊಳೆದುಕೊಂಡು ಹೋಗುತ್ತಿದ್ದ, ಸರದಿ ಬಿಟ್ಟು ಮುಂದೆ ಹೋಗುತ್ತಿರಲಿಲ್ಲ, ಸರಕಾರಕ್ಕೆ ಹೇಳುವ ಒಂದು ಮಾತೂ ಹೆಚ್ಚುಕಡಿಮೆ ಆಗಬಾರದು ಎನ್ನುತ್ತಿದ್ದ. ಇದು ನನಗೆ ಆಗ ನಗೆಯ ವಿಷಯವಾಗಿತ್ತು.

ಎರಡು ವರ್ಷದ ಮೇಲೆ ಅವನಿಗೆ ಉಸಿರಾಟದ ತೊಂದರೆ ಹತ್ತಿತು. ಕಾಲು ಬಾತವು. ಡಾಕ್ಟರರು ಒಳಗೆ ಮಲಗಿಸಿಕೊಂಡರು. ನಾನು ನೋಡಲು ಹೋದಾಗ ಮಾಫಿಯವರ ಸಾಲಿನಲ್ಲಿ ಒಂದು ಮಂಚದ ಮೇಲೆ ಗೋಡೆಗೆ ಆನಿಕೊಂಡು ಕೂತಿದ್ದ. "ಹಗೇವಿನ ಜ್ವಾಳ ಆಗೇನಿ ನೋಡು ಮಲ್ಲ್ಯಾ" ಎಂದ. ದನಿ ಸಣ್ಣಗಿತ್ತು, ಆದರೆ ಖುಷಿಯಲ್ಲಿದ್ದ. ಪಕ್ಕದ ಮಂಚದವನು ಮೀನು ಹಿಡಿಯುವವನಂತೆ, ಅವನಿಂದ ಬಲೆಯ ಗಂಟುಗಳ ವಿಷಯವೆಲ್ಲ ತಿಳಿದುಕೊಂಡಿದ್ದ.

ಆಗ ನನ್ನ ಮಗನಿಗೆ ರೋಣದ ಒಬ್ಬ ದೊಡ್ಡ ವ್ಯಾಪಾರಿಯ ಮಗಳನ್ನು ತರುವ ಮಾತು ನಡೆದಿತ್ತು. ಮುಂದಿನ ವಾರ ಅವರ ಮನೆಗೆ ಹೋದಾಗ ಊಟದ ಮೇಲೆ ಅವರು, "ನಿಮ್ಮಣ್ಣಾರು ಇಲ್ಲೇ ದವಾಖಾನ್ಯಾಗ ಅದಾರಂತಲ್ರಿ. ನೋಡಿ ಬರೂಣು ನಡ್ರಿ" ಎಂದರು. ಬೇಡ ಎನ್ನಲು ಬರಲಿಲ್ಲ. ಹೋದೆವು. ಅವರು ಮಂಚದ ಸಾಲನ್ನು ಒಮ್ಮೆ ನೋಡಿದರು. ಮಸಿ ಹಿಡಿದ ಗೋಡೆ, ಎಲ್ಲರಿಗೂ ಒಂದೇ ನಮೂನೆಯ ಕಂಬಳಿ, ನಡುವೆ ನಮ್ಮಣ್ಣ. ಅಣ್ಣ ಅವರನ್ನೂ ಬಿಡಲಿಲ್ಲ. ಶೇಂಗಾದ ಧಾರಣೆ ಯಾಕ ಇಳಿಯಿತು ಎಂದು ಕೇಳಿದ. ಅವರು ಮರ್ಯಾದೆಯಿಂದಲೇ ಉತ್ತರ ಕೊಟ್ಟರು. ಹೊರಗೆ ಬಂದಮೇಲೆ ಮೆಲ್ಲಗೆ ನಕ್ಕು, "ಗಜೇಂದ್ರಗಡದ ನೂಲಿನ ಅಂಗಡ್ಯವರ ಖಾಸಾ ಅಣ್ಣಾರು ಇವರು ಅಂದ್ರ ಯಾರೂ ನಂಬಂಗಿಲ್ಲ ನೋಡ್ರಿ" ಎಂದರು.

ಅಷ್ಟೇ ಮಾತು. ಅದರಲ್ಲಿ ತಪ್ಪು ಹುಡುಕಿದರೆ ಸಿಕ್ಕುವುದಿಲ್ಲ. ಆದರೆ ನನ್ನ ಕಿವಿ ಬಿಸಿಯಾದವು. ನಮ್ಮ ವ್ಯಾಪಾರದ ಮಂದಿಯಲ್ಲಿ ಪುಕ್ಕಟೆ ಎಂದರೆ ಒಂದೇ ಅರ್ಥ, ಅದು ಭಿಕ್ಷೆ. ದುಡಿದು ಗಳಿಸಿದ ಪುಕ್ಕಟೆ ಎಂಬುದೊಂದು ಇದೆ ಎಂದು ಅಣ್ಣ ಎಷ್ಟು ಸಲ ಹೇಳಿದರೂ ನನ್ನ ತಲೆಗೆ ಹೊಕ್ಕಿರಲಿಲ್ಲ.

ಅವರನ್ನು ಮನೆ ಮುಟ್ಟಿಸಿ ನಾನೊಬ್ಬನೇ ದವಾಖಾನೆಗೆ ತಿರುಗಿ ಬಂದೆ. ಹಿಂದಿನ ಬದಿಯಲ್ಲಿ ಫೀ ಕೊಡುವವರಿಗೆ ಒಂದು ಬೇರೆ ಖೋಲಿ ಇತ್ತು. ಅದನ್ನು ನಮ್ಮಣ್ಣನ ಹೆಸರಿಗೆ ಬರೆದುಕೊಳ್ಳಲು ಕಂಪೌಂಡರನಿಗೆ ಹೇಳಿದೆ.

"ಅವರಿಗೆ ಮಾಫಿ ಐತಲ್ರಿ."

"ಇರ್ಲಿ. ನಾ ಕೊಡ್ತೀನಿ."

"ಅವರನ್ನ ಒಂದು ಮಾತು ಕೇಳ್ರಿ."

"ನಮ್ಮಣ್ಣ ಅವ. ನೀವು ಬರಕೊಳ್ರಿ." ಅವನು ಬರೆಯುವಾಗ ನನಗೇ ಏನೋ ಅಳುಕಾಗಿ ಕೇಳಿದೆ, "ಇದರಿಂದ ಮುಂದ ಅವನ ಮಾಫಿಗೆ ಏನರ ತೊಂದ್ರಿ ಐತೇನು?"

"ಏನೂ ಇಲ್ರಿ. ಇದು ಈ ಸಲದ್ದಷ್ಟ. ಮಾಫಿ ಅವರು ಇರೋತನಕ ಇರತೈತಿ."

ಈ ಮಾತನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಓದುವವರು ಇದನ್ನು ನೆನಪಿನಲ್ಲಿ ಇಡಬೇಕು.

ಅಣ್ಣನನ್ನು ಎತ್ತಿ ಖೋಲಿಗೆ ತಂದರು. ಅವನು ಕಿಟಕಿಯ ಹೊರಗಿನ ಬೇವಿನ ಗಿಡ ನೋಡಿದ, ಬಾಗಿಲಿನ ಚಿಲಕ ಹಾಕಿ ತೆಗೆದು ನೋಡಿದ. ಆಮೇಲೆ ಕೇಳಿದ, "ನನ್ನ ಯಾಕ ಇಲ್ಲಿ ತಂದ್ರು?"

"ಡಾಕ್ಟರು ಹೇಳ್ಯಾರ. ನಿನಗ ಗಾಳಿ ಬೇಕಂತ" ಎಂದು ಸುಳ್ಳು ಹೇಳಿದೆ.

"ಅಲ್ಲೂ ಕಿಡಿಕಿ ಇತ್ತಲ್ಲ. ಇಲ್ಲಿ ಯಾಕ?"

ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಮುಂದಿನದನ್ನು ನಾನು ಕಂಪೌಂಡರನ ಬಾಯಿಂದ ಕೇಳಿದ್ದು. ಮರುದಿನ ಡಾಕ್ಟರರು ಬಂದಾಗ ಅಣ್ಣ ಅವರಿಗೂ ಅದೇ ಪ್ರಶ್ನೆ ಹಾಕಿದ. ಅವರಿಗೆ ನನ್ನ ಸುಳ್ಳು ಗೊತ್ತಿರಲಿಲ್ಲ. ನಿಮ್ಮ ತಮ್ಮ ರೊಕ್ಕ ಕಟ್ಟ್ಯಾರ, ಅದಕ್ಕ, ಎಂದು ಇದ್ದದ್ದು ಇದ್ದ ಹಾಗೆ ಹೇಳಿದರು. ಅಣ್ಣ ಎದ್ದ. ಕೋಟು ಹಾಕಿಕೊಂಡು, ಬಾಟಲಿ ಹಿಡಿದುಕೊಂಡು, ಗೋಡೆ ಹಿಡಿದು ಹಿಡಿದು ತನ್ನ ಹಳೆಯ ಮಂಚದ ಹತ್ತಿರ ಹೋದ. ಅಲ್ಲಿ ಮೆಣಸಗಿಯ ಒಬ್ಬ ಮುದುಕನನ್ನು ಆಗಲೇ ಮಲಗಿಸಿದ್ದರು. ಕಂಪೌಂಡರ ಬೇರೆ ಎಲ್ಲಾದರೂ ಹಾಸಿಗೆ ಹಾಕಿ ಕೊಡುತ್ತೇನೆ ಎಂದ. ಅಣ್ಣ ಆ ಮುದುಕನಿಗೆ, ನಿನಗ ಏನಾಗೈತಪಾ ಎಂದು ಕೇಳಿದ, ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ, ಪಡಸಾಲೆಗೆ ಬಂದು ಕಂಬಕ್ಕೆ ಆನಿ ನಿಂತ. ಸುದ್ದಿ ತಿಳಿದು ನರಗುಂದದಿಂದ ಅಳಿಯ ಬಂದು ಗಾಡಿಯಲ್ಲಿ ಕೂಡಿಸಿಕೊಂಡು ಹೋಗುವ ತನಕ ಅಲ್ಲಿಂದ ಕದಲಲಿಲ್ಲ.

ನಾನು ನರಗುಂದಕ್ಕೆ ಹೋಗುವುದಕ್ಕೆ ಒಂದು ತಿಂಗಳ ಮೇಲಾಯಿತು. ಅಂಗಡಿ, ಮದುವೆಯ ಮಾತು, ಇವು ನೆಪ. ಮನೆ ಹೊಕ್ಕ ಕೂಡಲೇ ನೀಲವ್ವ ನೀರು ಕೊಟ್ಟು, ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. "ಕಾಕಾ, ನೀವರ ಹೇಳ್ರಿ. ಇಲ್ಲಿ ದವಾಖಾನಿ ಓಣಿ ದಾಟಿದ್ರ ಐತಿ. ಬಾತು ಮೊಣಕಾಲಿನ ತನಕ ಏರೇತಿ. ಅಪ್ಪ ಹೋಗವಲ್ಲ. ನಾವು ರೊಕ್ಕ ಕೊಡ್ತೀವಿ ಅಂದ್ರ ಅದಕ್ಕೂ ಒಲ್ಲ."

ಅಣ್ಣ ಹೊರಗಿನ ಕಟ್ಟೆಯ ಮೇಲೆ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದ. ನಾನು ಪಕ್ಕಕ್ಕೆ ಕೂತು, "ದವಾಖಾನಿಗೆ ಯಾಕ ಒಲ್ಲಿ ಅಣ್ಣಾ?" ಎಂದೆ. ಜೀವಮಾನದಲ್ಲಿ ಯಾಕ ಎಂದು ನಾನು ಅವನನ್ನು ಕೇಳಿದ್ದು ಅದೊಂದೇ ಸಲ ಇರಬೇಕು.

"ಹ್ಯಾಂಗ ಹೋಗ್ಲಿ ಹೇಳು. ರೋಣದಾಗ ನನ್ನ ಹೆಸರು ರೊಕ್ಕ ಕೊಟ್ಟವ ಅಂತ ಸರಕಾರಿ ದಫ್ತರದಾಗ ಏರೇತಿ. ಇಲ್ಲಿ ಹೋಗಿ ಮಾಫಿ ಐತಿ ಅಂತ ನಿಂತ್ರ ಎರಡು ನಾಲಿಗಿ ಆಗತೈತಿ. ಕೊಡಾಕ ಶಕ್ತಿ ಇದ್ದವ ಇಷ್ಟು ದಿನ ಪುಕ್ಕಟ ಕುಡದಾನ ಅಂದ್ರ? ಮಾಫಿ ಮುರೀತು ಬಿಡು."

"ಮತ್ತ ರೊಕ್ಕ ಕೊಟ್ಟ ತೊಗೋ."

"ಅದನ್ನ ಕೊಟ್ಟ್ರ ನಾ ಅಡ್ಡಾಡಿದ್ದೆಲ್ಲ ಸುಳ್ಳ ಆಗತೈತಿ."

ಹಾಗಿಲ್ಲ ಅಣ್ಣಾ, ಮಾಫಿ ಮುರಿದಿಲ್ಲ, ನೀನು ಇರುವ ತನಕ ಇರುತ್ತದೆ, ನಾನು ಅಂದೇ ಕೇಳಿದ್ದೇನೆ. ಇಷ್ಟು ಹೇಳಬೇಕಾಗಿತ್ತು. ಮಾತು ಹಲ್ಲಿನ ಹಿಂದೆಯೇ ಇತ್ತು. ಆದರೆ ಅದನ್ನು ಹೇಳಿದರೆ, ಮೊದಲೇ ಕೇಳಿ ತಿಳಿದುಕೊಂಡು ಮಾಡಿದೆಯೇನು, ಯಾಕ, ಎಂದು ಅವನು ಹಿಡಿಯುತ್ತಾನೆ. ಬೀಗನಾಗುವವನ ಒಂದು ನಗೆಗೆ ನಾಚಿ ಮಾಡಿದೆ ಎಂದು ನಾನು ಹೇಳಬೇಕಾಗುತ್ತದೆ. ನಾನು ಗುಡ್ಡ ನೋಡುತ್ತ ಕೂತೆ.

ಅವನೇ ನನ್ನ ಕಡೆ ತಿರುಗಿದ. "ಮಲ್ಲ್ಯಾ, ಸಿಟ್ಟಿಲ್ಲ. ಸುಮ್ನ ಕೇಳ್ತೀನಿ. ಯಾಕ ಕಟ್ಟಿದಿ?"

"ನಿನ್ನ ಮ್ಯಾಲಿನ ಜೀವಕ್ಕ ಕಟ್ಟಿದೆ ಅಣ್ಣಾ. ಮತ್ಯಾಕ?"

ಅವನು ಒಂದು ಕಣ್ಣು ಸಣ್ಣದು ಮಾಡಿ ನನ್ನನ್ನು ನೋಡಿದ, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದನಲ್ಲ, ಹಾಗೆ. ಆಮೇಲೆ "ಹೂಂ" ಎಂದ. ನೀಲವ್ವನನ್ನು ಕರೆದು, ಕಾಕಾಗೆ ಚಹಾ ಮಾಡು ಎಂದ. ನನ್ನ ಹೆಗಲ ಮೇಲೆ ಕೈ ಇಟ್ಟು ಎದ್ದು, ಬಾಗಿಲ ತನಕ ಬಂದು ಕಳಿಸಿದ. ಬಸ್ಸಿನಲ್ಲಿ ಕೂತಾಗ ನನಗೆ ಹಗುರ ಎನಿಸಿತ್ತು. ಮಾತು ಮುಗಿಯಿತು, ಅಣ್ಣ ಒಪ್ಪಿದ, ಎಂದುಕೊಂಡೆ.

ಸುಗ್ಗಿಗೆ ಮೊದಲೇ ನರಗುಂದದಿಂದ ಸುದ್ದಿ ಬಂತು. ಔಷಧ ಕುಡಿದಿದ್ದರೆ ಉಳಿಯುತ್ತಿದ್ದನೋ ಇಲ್ಲವೋ, ಹೇಳಬಲ್ಲವರು ಯಾರೂ ಇಲ್ಲ. ಕುಡಿಯಲಿಲ್ಲ ಎಂಬುದು ಮಾತ್ರ ನನಗೆ ಗೊತ್ತು. ನೀಲವ್ವ ಅವನ ಕೋಟು ನನಗೆ ಕೊಟ್ಟಳು. ಎದೆಯ ಮೇಲಿನ ಆ ಪಟ್ಟಿ ಇನ್ನೂ ಖಾಕಿಯಾಗಿಯೇ ಇದೆ.

ಮಗನ ಮದುವೆಯಾಯಿತು. ಬೀಗರು ಒಳ್ಳೆಯವರೇ. ಆ ದಿನ ಆಡಿದ ಮಾತು ಅವರಿಗೆ ನೆನಪೂ ಇಲ್ಲ.

ಮದುವೆಯಾದ ಮೇಲಿನ ಮಳೆಗಾಲದಲ್ಲಿ ಒಂದು ದಿನ ಅಂಗಡಿಯಲ್ಲಿ ಒಬ್ಬ ನೇಕಾರ ನೂಲು ತಿರುಗಿ ತಂದ. ಯಾಕ ಎಂದೆ. ಬಣ್ಣ ಸರಿ ಇಲ್ಲ ಎಂದ. ಬಣ್ಣ ಸರಿಯಾಗಿಯೇ ಇತ್ತು. ಅದು ಮೊದಲನೇ ಉತ್ತರ ಎಂದು ನನಗೆ ಕೂಡಲೇ ತಿಳಿಯಿತು, ಮತ್ತೆ ಯಾಕ ಎಂದು ಕೇಳಲು ಬಾಯಿ ತೆರೆದೆ. ತೆರೆದವನು ಹಾಗೇ ಕೂತುಬಿಟ್ಟೆ. ನರಗುಂದದ ಕಟ್ಟೆಯ ಮೇಲೆ ಆ ದಿನ ಏನಾಗಿತ್ತು ಎಂಬುದು ಆಗ ಗೊತ್ತಾಯಿತು. ಜೋಳದ ಉಸಿರಿನಿಂದ ಹಿಡಿದು ಸರಕಾರದ ಹುಕುಮಿನ ತನಕ ಯಾರ ಉತ್ತರವನ್ನೂ ಒಂದಕ್ಕೇ ಬಿಡದ ನಮ್ಮಣ್ಣ, ನನ್ನನ್ನು ಮಾತ್ರ ಅಂದು ಒಂದೇ ಸಲ ಕೇಳಿ ಬಿಟ್ಟಿದ್ದ.